ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಹೋಗಬಹುದೇ?



ನಮ್ಮ ಕರಾವಳಿಯ ಹಳೆಯ ಮನೆಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಕಾರ್ಕಳದ ಕಡೆಯ ಗುತ್ತಿನ ಮನೆಯಿರಲಿ, ಕಾಪುವಿನ ಕಡಲ ಬದಿಯ ಚಿಕ್ಕ ಮನೆಯಿರಲಿ, ಹಗಲು ಹೊತ್ತಿನಲ್ಲಿ ಮುಂಬಾಗಿಲು ಹಾಕುವ ಕ್ರಮ ಇರಲಿಲ್ಲ. ಚಾವಡಿಗೆ ಯಾರೂ ಬರಬಹುದಿತ್ತು, ಬಂದವರಿಗೆ ಬೆಲ್ಲ ನೀರು ಸಿಗುತ್ತಿತ್ತು. ಅಡುಗೆಕೋಣೆಯವರೆಗೆ ಹೋಗಬೇಕಾದರೆ ಆ ಮನೆಗೆ ಬೇಕಾದವರಾಗಿರಬೇಕಿತ್ತು. ಒಳಕೋಣೆಯಲ್ಲಿದ್ದ ಪೆಟ್ಟಿಗೆಯನ್ನಂತೂ ಮನೆಯವರಲ್ಲದೆ ಬೇರೆಯವರು ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಇದನ್ನು ಯಾರೂ ಬೋರ್ಡಿನಲ್ಲಿ ಬರೆದು ಹಾಕಿರಲಿಲ್ಲ. ಪೆಟ್ಟಿಗೆಗೆ ಬೀಗ ಇಲ್ಲದಿದ್ದರೂ ಬಂದವರು ಅದನ್ನು ತೆರೆಯುತ್ತಿರಲಿಲ್ಲ.

ಆ ಪೆಟ್ಟಿಗೆಯಲ್ಲಿ ಏನಿರುತ್ತಿತ್ತು? ಜಾಗದ ಕಾಗದ, ಬ್ಯಾಂಕಿನ ಪಾಸ್ ಪುಸ್ತಕ, ಮಕ್ಕಳ ಅಂಕಪಟ್ಟಿ, ಆಸ್ಪತ್ರೆಯ ಚೀಟಿ, ಗಲ್ಫಿನಿಂದ ಬಂದ ಪತ್ರ. ಇಂದು ಇವೆಲ್ಲವೂ ಯಾವುದೋ ಕಂಪ್ಯೂಟರಿನಲ್ಲಿ, ಯಾವುದೋ ವೆಬ್‌ಸೈಟಿನಲ್ಲಿ ಕುಳಿತಿವೆ. ಕೆಲವಕ್ಕೆ ಬೀಗ ಇದೆ, ಕೆಲವಕ್ಕೆ ಇಲ್ಲ. ಬೀಗ ಇಲ್ಲದ್ದನ್ನು ಮನೆಯಲ್ಲೇ ಕುಳಿತು, ಮೊಬೈಲಿನಲ್ಲಿ, ಯಾರಿಗೂ ಗೊತ್ತಾಗದ ಹಾಗೆ ನೋಡಬಹುದು. ನೋಡುವುದು ಸರಿಯೇ? ಈ ಲೇಖನದಲ್ಲಿ ನಾವು ಯೋಚಿಸಬೇಕಾದ ವಿಷಯ ಇದು.

ಸ್ವಸಹಾಯ ಸಂಘದ ಸಭೆಗಳಲ್ಲಿ ಈ ಮಾತು ಎತ್ತಿದರೆ ಸಾಮಾನ್ಯವಾಗಿ ಬರುವ ಉತ್ತರ ಹೀಗೆ: "ಸಿಸ್ಟರ್, ಅವರೇ ನೆಟ್ಟಿನಲ್ಲಿ ಹಾಕಿದ್ದಾರಲ್ಲ, ನಾವು ನೋಡಿದ್ರೆ ಎಂತ ತಪ್ಪು?" ಈ ಪ್ರಶ್ನೆಯನ್ನು ನಗಾಡಿ ಬಿಡುವ ಹಾಗಿಲ್ಲ. ಅದರಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧವನ್ನು ಬಿಡಿಸಿ ನೋಡೋಣ.

ಮಾಹಿತಿ ಹೇಗೆ ತೆರೆದು ಬೀಳುತ್ತದೆ?

ಖಾಸಗಿ ಮಾಹಿತಿ ಹೊರಗೆ ಬೀಳಲು ದೊಡ್ಡ ಕಳ್ಳರೇ ಬರಬೇಕೆಂದಿಲ್ಲ. ಹೆಚ್ಚಾಗಿ ಅದು ಅಜಾಗ್ರತೆಯಿಂದ ಆಗುವಂಥದ್ದು.

ಒಂದು, ಸಂಖ್ಯೆಯ ದೋಷ. ನಿಮಗೆ ಒಂದು ಲಿಂಕ್ ಬರುತ್ತದೆ. ಅದರ ಕೊನೆಯಲ್ಲಿ 1045 ಎಂದಿರುತ್ತದೆ ಎಂದಿಟ್ಟುಕೊಳ್ಳಿ. ಅದನ್ನು 1046 ಎಂದು ಬದಲಿಸಿದರೆ ಇನ್ನೊಬ್ಬರ ಕಾಗದ ತೆರೆದುಕೊಳ್ಳುತ್ತದೆ. ವೆಬ್‌ಸೈಟ್ ಮಾಡಿದವರು "ಇವರು ಯಾರು?" ಎಂದು ಕೇಳುವ ವ್ಯವಸ್ಥೆಯನ್ನೇ ಮಾಡಿರುವುದಿಲ್ಲ. ಲಾಡ್ಜಿನ ಎಲ್ಲಾ ಕೋಣೆಗಳಿಗೂ ಸಂಖ್ಯೆ ಬರೆದು ಒಂದಕ್ಕೂ ಬೀಗ ಹಾಕದ ಹಾಗೆ.

ಎರಡು, ಹಂಚಿಕೆಯ ದೋಷ. ಸಂಘ, ಶಾಲೆ, ಕಚೇರಿಗಳಲ್ಲಿ ಈಗ ಪಟ್ಟಿಗಳನ್ನು ಗೂಗಲ್ ಶೀಟಿನಲ್ಲಿ ಮಾಡುತ್ತಾರೆ. "ಲಿಂಕ್ ಇದ್ದವರೆಲ್ಲ ನೋಡಬಹುದು" ಎಂದು ಒತ್ತಿಬಿಟ್ಟರೆ ಆಯಿತು. ಆ ಲಿಂಕ್ ಒಂದು ವಾಟ್ಸ್ಆ್ಯಪ್ ಗುಂಪಿನಿಂದ ಇನ್ನೊಂದಕ್ಕೆ ಹೋಗಿ ಎಲ್ಲಿ ಮುಟ್ಟುತ್ತದೆಂದು ದೇವರೇ ಬಲ್ಲ.

ಮೂರು, ಅತಿಯಾಗಿ ಬರೆಯುವ ದೋಷ. ಫಲಾನುಭವಿಗಳ ಪಟ್ಟಿ ಪ್ರಕಟಿಸುವಾಗ ಹೆಸರು ಮತ್ತು ಊರು ಸಾಕಾಗಿರುತ್ತದೆ. ಆದರೆ ಕಚೇರಿಯವರು ಇಡೀ ಕಡತವನ್ನೇ ಹಾಕಿಬಿಡುತ್ತಾರೆ. ಅದರಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರ್, ಜಾತಿ, ಅಂಗವೈಕಲ್ಯದ ವಿವರ ಎಲ್ಲವೂ ಇರುತ್ತದೆ. ಒಮ್ಮೆ ಹಾಕಿದ್ದನ್ನು ಗೂಗಲ್ ಹುಡುಕಿ ಇಟ್ಟುಕೊಳ್ಳುತ್ತದೆ. ಕಚೇರಿಯವರು ಅಳಿಸಿದರೂ ಅಷ್ಟರಲ್ಲಿ ಇಳಿಸಿಕೊಂಡವರ ಬಳಿ ಅದು ಉಳಿದೇ ಇರುತ್ತದೆ.

ಈ ಮೂರರಲ್ಲಿ ಯಾವುದಕ್ಕೂ ಆ ಮಾಹಿತಿಯ ಒಡೆಯರು ಒಪ್ಪಿಗೆ ಕೊಟ್ಟಿಲ್ಲ, ಹೆಚ್ಚಿನವರಿಗೆ ಅದು ಗೊತ್ತೂ ಇರುವುದಿಲ್ಲ. "ಅವರೇ ಹಾಕಿದ್ದಾರಲ್ಲ" ಎನ್ನುವಾಗ ನಾವು ಮರೆಯುವುದು ಇದನ್ನೇ. ಹಾಕಿದವರು ಒಬ್ಬರು, ಅದರಲ್ಲಿ ಹೆಸರಿರುವವರು ಇನ್ನೊಬ್ಬರು.

ಚಾವಡಿ, ಅಡುಗೆಕೋಣೆ, ಪೆಟ್ಟಿಗೆ

ಹಾಗಾದರೆ ನೆಟ್ಟಿನಲ್ಲಿ ಕಾಣುವ ಯಾವ ಪಟ್ಟಿಯನ್ನೂ ನೋಡಲೇಬಾರದೇ? ಹಾಗಲ್ಲ. ಮನೆಯ ಮೂರು ಜಾಗಗಳ ಲೆಕ್ಕವನ್ನೇ ಇಲ್ಲಿಗೂ ತನ್ನಿ.

ಚಾವಡಿಯ ಮಾಹಿತಿ: ಸಮಾಜದ ಒಳಿತಿಗಾಗಿ ಕಾನೂನೇ ತೆರೆದಿಟ್ಟದ್ದು. ಮತದಾರರ ಪಟ್ಟಿ ಇಂಥದ್ದು. 2005ರಲ್ಲಿ ಉದ್ಯೋಗ ಖಾತರಿ ಕಾನೂನು ಬಂದಾಗ ಯಾರಿಗೆ ಎಷ್ಟು ದಿನ ಕೆಲಸ, ಎಷ್ಟು ಕೂಲಿ ಎಂಬುದನ್ನು ಸಾರ್ವಜನಿಕವಾಗಿ ಇಟ್ಟದ್ದು ಉದ್ದೇಶಪೂರ್ವಕ. ಸತ್ತವರ ಹೆಸರಿನಲ್ಲಿ ಕೂಲಿ ತೆಗೆಯುವುದನ್ನು ಹಿಡಿಯಲು ಊರಿನವರಿಗೆ ಬೇರೆ ದಾರಿ ಇರಲಿಲ್ಲ. ಅದೇ ವರ್ಷದ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಸರಕಾರಿ ಕಚೇರಿಗಳು ಯಾರೂ ಕೇಳದೆಯೇ ತಮ್ಮ ಲೆಕ್ಕಪತ್ರ, ಫಲಾನುಭವಿಗಳ ವಿವರಗಳನ್ನು ಪ್ರಕಟಿಸಬೇಕೆಂದು ಹೇಳುತ್ತದೆ. ಇದನ್ನು ನೋಡುವುದು ನಮ್ಮ ಹಕ್ಕು, ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವವರಿಗೆ ಕರ್ತವ್ಯ ಕೂಡ. ಖಾಸಗಿತನದ ಹೆಸರಿನಲ್ಲಿ ಈ ಬಾಗಿಲನ್ನು ಮುಚ್ಚಿದರೆ ಲಾಭ ಬಡವರಿಗಲ್ಲ, ಕದಿಯುವವರಿಗೆ.

ಅಡುಗೆಕೋಣೆಯ ಮಾಹಿತಿ: ಒಂದು ಕೆಲಸಕ್ಕಾಗಿ, ಸಂಬಂಧಪಟ್ಟವರಿಗಾಗಿ ತೆರೆದಿಟ್ಟದ್ದು. ಪಹಣಿ, ಅಂದರೆ ಆರ್‌ಟಿಸಿ, ಇದಕ್ಕೆ ಒಳ್ಳೆಯ ಉದಾಹರಣೆ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಅದರಿಂದ ರೈತರಿಗೆ ಆದ ಉಪಕಾರ ಸಣ್ಣದಲ್ಲ. ಒಂದು ಕಾಗದಕ್ಕಾಗಿ ಗ್ರಾಮಕರಣಿಕರ ಹಿಂದೆ ವಾರಗಟ್ಟಲೆ ತಿರುಗುವುದು, ಕೈ ಬಿಸಿ ಮಾಡುವುದು ಬಹಳ ಕಡಿಮೆಯಾಯಿತು. ಆದರೆ ಅದೇ ಪಹಣಿಯಲ್ಲಿ ಇತರ ಹಕ್ಕು ಮತ್ತು ಋಣಗಳ ಅಂಕಣವೂ ಉಂಟು. ಸರ್ವೆ ನಂಬರ್ ಗೊತ್ತಿದ್ದವರು ಆ ಜಾಗದ ಮೇಲೆ ಯಾವ ಬ್ಯಾಂಕಿನ ಸಾಲ ಇದೆ ಎಂಬುದನ್ನು ನೋಡಬಹುದು. ಜಾಗ ಕೊಳ್ಳುವವರಿಗೆ ಇದು ಬೇಕೇ ಬೇಕು. ಪಕ್ಕದ ಮನೆಯವರ ಸಾಲ ಎಷ್ಟೆಂದು ಮೊಬೈಲಿನಲ್ಲಿ ನೋಡಿ ಮದುವೆ ಮನೆಯಲ್ಲಿ ಹೇಳುವವರಿಗೆ?

"ಸಂಬಂಧ ನೋಡುವಾಗ ಹುಡುಗನ ಮನೆಯ ಪಹಣಿ ನೋಡುವುದು ತಪ್ಪಾ ಸಿಸ್ಟರ್?" ಇದೂ ನಮ್ಮ ಕಡೆ ಕೇಳಿಬರುವ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಮಗಳನ್ನು ಕೊಡುವ ತಂದೆತಾಯಿಗೆ ತಿಳಿದುಕೊಳ್ಳುವ ಕಾರಣ ಇದೆ. ಆದರೆ ಕಾರಣ ಇರುವವರು ಎದುರಿಗೆ ಕುಳಿತು ಕೇಳಬಹುದಲ್ಲ? "ನಿಮ್ಮ ಜಾಗದ ಮೇಲೆ ಸಾಲ ಉಂಟಾ?" ಎಂದು ಕೇಳಲು ನಾಚಿಕೆಯಾಗಿ, ಕದ್ದು ನೋಡಲು ನಾಚಿಕೆಯಾಗದಿದ್ದರೆ ನಾವು ಎಲ್ಲೋ ತಪ್ಪಿದ್ದೇವೆ. ಕೇಳಿದರೆ ಅವರು ಉತ್ತರದ ಜೊತೆ ಅದರ ಕಾರಣವನ್ನೂ ಹೇಳುತ್ತಾರೆ. ಸಾಲ ಮಾಡಿದ್ದು ತಾಯಿಯ ಆಪರೇಷನ್ನಿಗೋ ತಂಗಿಯ ನರ್ಸಿಂಗ್ ಓದಿಗೋ ಎಂಬುದು ಪಹಣಿಯಲ್ಲಿ ಬರೆದಿರುವುದಿಲ್ಲ.

ಪೆಟ್ಟಿಗೆಯ ಮಾಹಿತಿ: ತಪ್ಪಿನಿಂದ ತೆರೆದು ಬಿದ್ದದ್ದು. ರೋಗದ ವರದಿ, ಬ್ಯಾಂಕ್ ಖಾತೆ, ಆಧಾರ್, ಬೆರಳಚ್ಚು, ಖಾಸಗಿ ಫೋಟೋ, ಕೌನ್ಸೆಲಿಂಗಿನ ಟಿಪ್ಪಣಿ, ದೌರ್ಜನ್ಯಕ್ಕೊಳಗಾದ ಮಹಿಳೆಯ ದೂರು. ಇಲ್ಲಿ ನೋಡಲು ನಮಗೆ ಯಾವ ಕಾರಣವೂ ಇಲ್ಲ. ಬಾಗಿಲು ತೆರೆದಿರುವುದು ಯಾರದ್ದೋ ಅಜಾಗ್ರತೆ, ನಮಗೆ ಕೊಟ್ಟ ಅನುಮತಿಯಲ್ಲ.

ಆದ್ದರಿಂದ "ಇದು ತೆರೆದಿದೆಯೇ?" ಎಂದಷ್ಟೇ ಕೇಳಿದರೆ ಸಾಲದು. "ಇದನ್ನು ಯಾಕೆ ತೆರೆದಿಟ್ಟಿದ್ದಾರೆ? ನನ್ನ ಕೆಲಸಕ್ಕೂ ಆ ಕಾರಣಕ್ಕೂ ಸಂಬಂಧ ಉಂಟಾ? ಆ ವ್ಯಕ್ತಿ ನನ್ನ ಹಿಂದೆಯೇ ನಿಂತಿದ್ದರೆ ನಾನು ಇದನ್ನು ನೋಡುತ್ತಿದ್ದೆನೇ?" ಎಂದು ಕೇಳಬೇಕು. ಮೂರನೆಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಮೊಬೈಲ್ ಕೆಳಗಿಡುವುದು ಒಳ್ಳೆಯದು.

ನೋಡಿದ್ರೆ ಯಾರಿಗೆ ಏನು ನಷ್ಟ?

"ನೋಡಿದೆ ಅಷ್ಟೇ, ಯಾರಿಗೂ ತೊಂದರೆ ಮಾಡಲಿಲ್ಲ" ಎನ್ನುವವರಿದ್ದಾರೆ. ನಮ್ಮ ರಾಜ್ಯದಲ್ಲೇ ನಡೆದ ಕೆಲವು ಸಂಗತಿಗಳನ್ನು ನೋಡೋಣ.

2020ರ ಮಾರ್ಚ್. ಕೊರೊನಾ ಬಂದ ಮೊದಲ ದಿನಗಳು. ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರಕಾರವೇ ಪ್ರಕಟಿಸಿತು. ಉದ್ದೇಶ ಕೆಟ್ಟದ್ದಲ್ಲ, ಹೊರಗೆ ತಿರುಗಾಡುವವರನ್ನು ತಡೆಯಬೇಕಿತ್ತು. ಆದರೆ ಪಟ್ಟಿ ವಾಟ್ಸ್ಆ್ಯಪಿಗೆ ಬಿದ್ದ ಮೇಲೆ ಅದು ಸರಕಾರದ ಕೈಯಲ್ಲಿ ಉಳಿಯಲಿಲ್ಲ. ಗಲ್ಫಿನಲ್ಲಿ ಮಗ ಇರುವ ಮನೆ ಉಡುಪಿ, ಕಾಪು ಕಡೆ ಬೀದಿಗೆ ಎರಡಾದರೂ ಉಂಟು. ಪಟ್ಟಿಯಲ್ಲಿರುವ ಮನೆಯವರಿಗೆ ಹಾಲು ಹಾಕಲು, ಬಾಡಿಗೆ ಮನೆ ಕೊಡಲು, ಮಾತಾಡಿಸಲು ಜನ ಹಿಂಜರಿದರೆ ಆ ಮನೆಯ ಮುದುಕಿಗೆ ಏನಾಗುತ್ತದೆ? ಫಾರ್ವರ್ಡ್ ಮಾಡಿದವರಲ್ಲಿ ಪ್ರತಿಯೊಬ್ಬರೂ "ನಾನು ನೋಡಿದೆ ಅಷ್ಟೇ, ಜಾಗ್ರತೆಗೆ ಕಳಿಸಿದೆ ಅಷ್ಟೇ" ಎನ್ನುವವರೇ.

ಎರಡನೆಯದು ಪರೀಕ್ಷೆಯ ಫಲಿತಾಂಶ. ಹಲವು ವರ್ಷಗಳ ಕಾಲ ನೋಂದಣಿ ಸಂಖ್ಯೆಯೊಂದಿದ್ದರೆ ಸಾಕಿತ್ತು, ಯಾರ ಮಕ್ಕಳ ಅಂಕವನ್ನೂ ಯಾರೂ ನೋಡಬಹುದಿತ್ತು. ಮಗನ ನಂಬರಿನ ಹಿಂದೆ ಮುಂದೆ ಒಂದೊಂದು ಅಂಕೆ ಬದಲಿಸಿ ಇಡೀ ತರಗತಿಯ ಫಲಿತಾಂಶ ನೋಡುವುದು ಕೆಲವು ಮನೆಗಳಲ್ಲಿ ಆಟವೇ ಆಗಿತ್ತು. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಜಿಲ್ಲೆ ಶೇಕಡಾ 93.90ರಷ್ಟು ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಸಂತೋಷ. ಆದರೆ ನೂರರಲ್ಲಿ ಆರು ಮಕ್ಕಳು ಪಾಸಾಗಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಎಲ್ಲರೂ ಪಾಸಾಗುವ ಊರಿನಲ್ಲಿ ಫೇಲಾಗುವುದು ಬಹಳ ಒಂಟಿತನದ ಸಂಗತಿ. ಆ ಹುಡುಗಿ ಮನೆಯವರಿಗೆ ಹೇಳಲು ಧೈರ್ಯ ತಂದುಕೊಳ್ಳುವ ಮೊದಲೇ ಪಕ್ಕದ ಮನೆಯವರಿಗೆ ಗೊತ್ತಾದರೆ? ಅಂಥ ಸಂಜೆ ಏನೇನು ಆಗಬಹುದೆಂದು ಮಕ್ಕಳೊಂದಿಗೆ ಕೆಲಸ ಮಾಡುವ ನಮಗೆ ಗೊತ್ತು. ತನ್ನ ಸುದ್ದಿಯನ್ನು ತಾನೇ, ತನ್ನ ಸಮಯದಲ್ಲಿ ಹೇಳುವ ಅವಕಾಶವನ್ನು ಅವಳಿಂದ ಕಸಿದುಕೊಂಡಂತಾಯಿತು.

ಮೂರನೆಯದು ಹಣಕ್ಕೆ ಸಂಬಂಧಿಸಿದ್ದು. 2023ರಲ್ಲಿ ದಕ್ಷಿಣ ಕನ್ನಡದಲ್ಲಿ, ಬೆಂಗಳೂರಿನಲ್ಲಿ ಕೆಲವರ ಖಾತೆಗಳಿಂದ ಒಟಿಪಿ ಬಾರದೆ, ಯಾರಿಗೂ ಪಿನ್ ಹೇಳದೆ ಹಣ ಹೋಗತೊಡಗಿತು. ಅವರಲ್ಲಿ ಹಲವರು ಸ್ವಲ್ಪ ಮೊದಲು ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದವರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಈ ಸಂಬಂಧ ಬಿಹಾರದ ಮೂವರನ್ನು ಬಂಧಿಸಿದರು. ನೋಂದಣಿ ದಾಖಲೆಗಳ ಪ್ರತಿಗಳನ್ನು ಆನ್‌ಲೈನ್‌ನಲ್ಲಿ ಪಡೆದು, ಅದರಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದರೆಂಬುದು ಆರೋಪ. ಆಮೇಲೆ ದಾಖಲೆಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಾಣದ ಹಾಗೆ ಮಾಡಲು ಕಂದಾಯ ಇಲಾಖೆ ಕ್ರಮ ಕೈಗೊಂಡಿತು.

ಇದರಿಂದ ಕಲಿಯಬೇಕಾದ ಪಾಠ ಒಂದಿದೆ. ತೆರೆದ ಮಾಹಿತಿಯನ್ನು ಕುತೂಹಲಕ್ಕೆ ನೋಡುವವನಿಗೂ ಕದಿಯಲು ನೋಡುವವನಿಗೂ ದಾರಿ ಒಂದೇ. ಕುತೂಹಲದವನು ನೋಡಿ ಸುಮ್ಮನಿದ್ದರೆ ಬಾಗಿಲು ತೆರೆದೇ ಇರುತ್ತದೆ, ಆಮೇಲೆ ಕಳ್ಳನೂ ಅದರಲ್ಲೇ ಬರುತ್ತಾನೆ. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲು ಆಗುತ್ತದಾ?

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕುವಾಗ ಅವರ ವಯಸ್ಸು 80 ದಾಟಿತ್ತು. 2024ರಲ್ಲಿ, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಖಾಸಗಿತನ ಎಂದರೆ ಶ್ರೀಮಂತರ, ಸಿನಿಮಾದವರ ಚಿಂತೆ ಎಂದು ಭಾವಿಸುವವರು ಆ ತೀರ್ಪಿನ ಸಾರವನ್ನು ತಿಳಿಯಬೇಕು. ಅದು ಘನತೆಯಿಂದ ಬದುಕುವ ಹಕ್ಕಿನ ಭಾಗ, ಎಲ್ಲರಿಗೂ ಸೇರಿದ್ದು.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಪ್ರಕಾರ, ಕಂಪ್ಯೂಟರ್ ವ್ಯವಸ್ಥೆಯ ಒಡೆಯರ ಅನುಮತಿಯಿಲ್ಲದೆ ಒಳಹೊಕ್ಕರೆ ಅಥವಾ ಮಾಹಿತಿ ಇಳಿಸಿಕೊಂಡರೆ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಮಾಡಿದರೆ 66ನೇ ಕಲಮಿನಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. "ಬೀಗ ಇರಲಿಲ್ಲ" ಎಂಬ ಮಾತೊಂದೇ ಇಲ್ಲಿ ರಕ್ಷಣೆ ಕೊಡುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು, ಹಂತ ಹಂತವಾಗಿ ಜಾರಿಯಾಗುವ ಕ್ರಮ ಅದರದ್ದು. ಮಾಹಿತಿ ಸಂಗ್ರಹಿಸುವ ಸಂಸ್ಥೆಗಳ ಮೇಲೆ ಅದು ಹೊಣೆ ಹೊರಿಸುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಖಾಸಗಿ ಅಥವಾ ಮನೆಯ ಉದ್ದೇಶಕ್ಕೆ ಮಾಹಿತಿ ಬಳಸಿದರೆ ಅದು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಕಾನೂನಿನ ಕಡ್ಡಾಯದಿಂದ ಪ್ರಕಟಿಸಿದ ಮಾಹಿತಿಯೂ ಬರುವುದಿಲ್ಲ. ಅಂದರೆ ರಾತ್ರಿ ಊಟವಾದ ಮೇಲೆ ನೆರೆಮನೆಯವರ ಪಹಣಿ ಹುಡುಕುವವನನ್ನು ಹಿಡಿಯಲು ಯಾವ ಇಲಾಖೆಯೂ ಬರುವುದಿಲ್ಲ. ಅಲ್ಲಿ ತಡೆಯಲು ಇರುವುದು ನಮ್ಮ ಮನಸ್ಸಾಕ್ಷಿ ಮಾತ್ರ.

ಕಂಡದ್ದನ್ನು ಹೇಳಿದವರೇ ಕಳ್ಳರೇ?

ಈ ವಿಷಯದ ಅತ್ಯಂತ ಕಷ್ಟದ ಭಾಗ ಇದು. ಬಾಗಿಲು ತೆರೆದಿದೆಯೆಂದು ಹೇಳಲು ಅದನ್ನು ಒಮ್ಮೆಯಾದರೂ ನೋಡಿರಬೇಕಲ್ಲ?

2017ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆ ಒಂದು ವರದಿ ಪ್ರಕಟಿಸಿತು. ನಾಲ್ಕು ಸರಕಾರಿ ವೆಬ್‌ಸೈಟುಗಳಲ್ಲಿ, ಅಂದರೆ ಕೇಂದ್ರದ ಸಾಮಾಜಿಕ ಪಿಂಚಣಿ ಮತ್ತು ಉದ್ಯೋಗ ಖಾತರಿಯ ಎರಡು ಹಾಗೂ ಆಂಧ್ರಪ್ರದೇಶದ ಎರಡು ವೆಬ್‌ಸೈಟುಗಳಲ್ಲಿ, ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಮತ್ತು 10 ಕೋಟಿಯಷ್ಟು ಬ್ಯಾಂಕ್ ಖಾತೆ ಸಂಖ್ಯೆಗಳು ಯಾರೂ ನೋಡುವಂತಿವೆ ಎಂದು ಆ ವರದಿ ಅಂದಾಜು ಮಾಡಿತು. ಇವು ಯಾರ ಮಾಹಿತಿ? ವಿಧವಾ ವೇತನ, ವೃದ್ಧಾಪ್ಯ ವೇತನ ಪಡೆಯುವವರದ್ದು, ಮಣ್ಣು ಹೊತ್ತು ಕೂಲಿ ಪಡೆಯುವವರದ್ದು. ಸರಕಾರದಿಂದ ಸಹಾಯ ಪಡೆಯುವ ಬಡವರೇ ತಮ್ಮ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಬರೆದುಕೊಡಬೇಕು. ತೆರೆದು ಬೀಳುವಾಗಲೂ ಮೊದಲು ಬೀಳುವುದು ಅವರ ಪೆಟ್ಟಿಗೆಯೇ. ವರದಿ ಬಂದ ನಂತರ ಆಧಾರ್ ಪ್ರಾಧಿಕಾರ ಆ ಸಂಸ್ಥೆಗೆ ಪತ್ರ ಬರೆದು, ಮಾಹಿತಿಯನ್ನು ಪಡೆದವರು ಯಾರೆಂದು ವಿವರ ಕೇಳಿತು. ದೋಷ ತೋರಿಸಿದವರೇ ಉತ್ತರ ಹೇಳಬೇಕಾದ ಸ್ಥಿತಿ ಬಂತು.

ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರು ಪೊಲೀಸರು ಒಬ್ಬ ಯುವ ಎಂಜಿನಿಯರನ್ನು ಬಂಧಿಸಿದರು. ಸರಕಾರದ ಇ-ಹಾಸ್ಪಿಟಲ್ ವ್ಯವಸ್ಥೆಯಲ್ಲಿದ್ದ ಸಡಿಲ ಜಾಗವನ್ನು ಬಳಸಿ, ಅನುಮತಿಯಿಲ್ಲದೆ ಆಧಾರ್ ಮಾಹಿತಿ ಪಡೆಯುವ ಆ್ಯಪ್ ಮಾಡಿ ಸಾರ್ವಜನಿಕರಿಗೆ ಬಿಟ್ಟ ಆರೋಪ ಅವರ ಮೇಲಿತ್ತು. ಈ ಎರಡು ಸಂಗತಿಗಳನ್ನು ಒಂದೇ ತಕ್ಕಡಿಯಲ್ಲಿ ಹಾಕುವುದು ನ್ಯಾಯವಲ್ಲ. ಒಂದು ಕಡೆ ಬಾಗಿಲು ತೆರೆದಿದೆಯೆಂದು ಕೂಗಿ ಹೇಳಿದ್ದಾರೆ. ಇನ್ನೊಂದು ಕಡೆಯ ಆರೋಪ, ಅದೇ ಬಾಗಿಲಿನಿಂದ ತಮ್ಮದೊಂದು ದಾರಿ ಮಾಡಿಕೊಂಡರು ಎಂಬುದು.

ಹೊರದೇಶಗಳಲ್ಲೂ ಈ ಗೊಂದಲ ಇದೆ. 2018ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ 19 ವರ್ಷದ ಹುಡುಗನೊಬ್ಬ ಸರಕಾರಿ ಮಾಹಿತಿ ಹಕ್ಕಿನ ವೆಬ್‌ಸೈಟಿನಲ್ಲಿ ವಿಳಾಸದ ಕೊನೆಯ ಸಂಖ್ಯೆ ಬದಲಿಸುತ್ತಾ ಸುಮಾರು 7,000 ಕಡತಗಳನ್ನು ಇಳಿಸಿಕೊಂಡ. ಎಲ್ಲವೂ ಸಾರ್ವಜನಿಕವೆಂದೇ ಅವನು ತಿಳಿದಿದ್ದ. ಅದರಲ್ಲಿ ಜನರ ಖಾಸಗಿ ವಿವರಗಳಿದ್ದ ಕಡತಗಳೂ ಇದ್ದವು. ಪೊಲೀಸರು ಮನೆಗೆ ನುಗ್ಗಿ ಬಂಧಿಸಿದರು, ಮುಂದಿನ ತಿಂಗಳೇ ಮೊಕದ್ದಮೆ ಕೈಬಿಟ್ಟರು. 2021ರಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಒಬ್ಬ ಪತ್ರಕರ್ತರಿಗೆ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ಶಿಕ್ಷಕರ ಸಾಮಾಜಿಕ ಭದ್ರತಾ ಸಂಖ್ಯೆಗಳು ಸಿಗುತ್ತಿರುವುದು ಕಂಡಿತು. ಅವರ ಪತ್ರಿಕೆ ಮೊದಲು ಇಲಾಖೆಗೆ ತಿಳಿಸಿತು, ದೋಷ ಸರಿಯಾಗುವವರೆಗೆ ಕಾದು ಆಮೇಲೆ ಸುದ್ದಿ ಹಾಕಿತು. ರಾಜ್ಯಪಾಲರು ಅವರನ್ನು ಹ್ಯಾಕರ್ ಎಂದು ಕರೆದು ಕೇಸು ಹಾಕುತ್ತೇವೆ ಎಂದರು. 2022ರಲ್ಲಿ ಸರಕಾರಿ ವಕೀಲರು ಕೇಸು ಹಾಕುವುದಿಲ್ಲ ಎಂದು ತೀರ್ಮಾನಿಸಿದರು.

ಆ ಪತ್ರಕರ್ತರು ನಡೆದ ರೀತಿ ನಮಗೆ ಮಾದರಿ. ದೋಷ ಇದೆಯೆಂದು ಖಚಿತಪಡಿಸಲು ಬೇಕಾದಷ್ಟೇ ನೋಡಿದರು. ಸರಿಮಾಡಬೇಕಾದವರಿಗೆ ಮೊದಲು ತಿಳಿಸಿದರು. ಶಿಕ್ಷಕರು ಸುರಕ್ಷಿತರಾದ ಮೇಲೆಯೇ ಲೋಕಕ್ಕೆ ಹೇಳಿದರು. ಮಣಿಪಾಲಕ್ಕೆ ಎಂಜಿನಿಯರಿಂಗ್, ಕಂಪ್ಯೂಟರ್ ಓದಲು ಬಂದಿರುವ ನಮ್ಮ ಮಕ್ಕಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಇಂಥ ತೂತುಗಳು ಮೊದಲು ಕಾಣುವುದು ನಿಮ್ಮಂಥವರಿಗೇ. "ಎಷ್ಟು ದೊಡ್ಡ ತೂತು ನೋಡೋಣ" ಎಂದು ಸಾವಿರ ಜನರ ಕಾಗದ ಇಳಿಸಿಕೊಂಡರೆ ನಿಮ್ಮ ಒಳ್ಳೆಯ ಉದ್ದೇಶವನ್ನು ನಂಬುವವರು ಯಾರು? ಕಚೇರಿಯವರಿಗೂ ಒಂದು ಮಾತು: ದೋಷ ತಿಳಿಸಿದವರನ್ನು ಬೆದರಿಸಿದರೆ ಮುಂದಿನ ಸಲ ಒಳ್ಳೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಕಳ್ಳರು ಹೇಗೂ ಹೇಳುವುದಿಲ್ಲ.

ಕಣ್ಣಿಗೆ ಬಿದ್ದರೆ ಏನು ಮಾಡಬೇಕು?

ಆಕಸ್ಮಿಕವಾಗಿ ಕಣ್ಣಿಗೆ ಬೀಳುವುದು ತಪ್ಪಲ್ಲ. ಗೊತ್ತಾದ ಮೇಲೂ ಮುಂದೆ ಮುಂದೆ ನೋಡುತ್ತಾ ಹೋಗುವುದು ನಮ್ಮ ನಿರ್ಧಾರ.

1. ಅಲ್ಲಿಗೇ ನಿಲ್ಲಿಸಿ. ಸಂಖ್ಯೆ ಬದಲಿಸಿ ಇನ್ನೊಬ್ಬರದ್ದನ್ನು ನೋಡಬೇಡಿ. ಇಳಿಸಿಕೊಳ್ಳಬೇಡಿ.

2. ಸಾಕ್ಷಿಗೆಂದು ಸ್ಕ್ರೀನ್‌ಶಾಟ್ ತೆಗೆದರೆ ಹೆಸರು, ಸಂಖ್ಯೆಗಳನ್ನು ಮುಚ್ಚಿ. ಲಿಂಕ್, ದಿನಾಂಕ, ಸಮಯ ಬರೆದಿಟ್ಟರೆ ಹೆಚ್ಚಾಗಿ ಅಷ್ಟೇ ಸಾಕು.

3. ಯಾವ ಗುಂಪಿಗೂ ಲಿಂಕ್ ಕಳಿಸಬೇಡಿ. "ನೋಡಿ, ಎಷ್ಟು ಅನ್ಯಾಯ" ಎಂದು ಕಳಿಸಿದರೂ ಅದು ಕಳಿಸಿದಂತೆಯೇ.

4. ಆ ಸಂಸ್ಥೆಗೆ ಅಥವಾ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಸರಕಾರಿ ಅಥವಾ ದೊಡ್ಡ ವೆಬ್‌ಸೈಟ್ ಆದರೆ ಕೇಂದ್ರ ಸರಕಾರದ ಸರ್ಟ್-ಇನ್ ಎಂಬ ಸಂಸ್ಥೆಗೆ ಇಮೇಲ್ ಮಾಡಬಹುದು, ಇಂಥ ದೋಷಗಳ ದೂರು ಪಡೆಯುವುದು ಅವರ ಕೆಲಸ. ನೇರವಾಗಿ ಬರೆಯಲು ಹೆದರಿಕೆಯಾದರೆ ಕಾಲೇಜಿನ ಅಧ್ಯಾಪಕರ ಅಥವಾ ವಕೀಲರ ಸಹಾಯ ಪಡೆಯಿರಿ.

5. ಪರಿಚಯದವರ ಮಾಹಿತಿಯಾದರೆ ಅವರಿಗೊಬ್ಬರಿಗೇ, ಮೆಲ್ಲನೆ ಹೇಳಿ. "ಅಕ್ಕ, ನಿಮ್ಮ ಖಾತೆಯ ವಿವರ ಇಂಥ ಕಡೆ ಕಾಣ್ತಾ ಉಂಟು, ಬ್ಯಾಂಕಿಗೆ ಒಮ್ಮೆ ಹೇಳಿ" ಎಂದರೆ ಸಾಕು. ಏನು ಓದಿದಿರಿ ಎಂದು ವಿವರಿಸುವ ಅಗತ್ಯ ಇಲ್ಲ.

6. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಉಡುಪಿಯಲ್ಲಿ ಸೆನ್ ಪೊಲೀಸ್ ಠಾಣೆ ಸೈಬರ್ ದೂರುಗಳನ್ನು ತೆಗೆದುಕೊಳ್ಳುತ್ತದೆ. ಹೆಬ್ಬೆಟ್ಟಿನ ದುರುಪಯೋಗ ತಡೆಯಲು ಎಂಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಇದೆ. ಮನೆಯ ಹಿರಿಯರಿಗೆ ಮಕ್ಕಳು ಇದನ್ನು ಮಾಡಿಕೊಡಿ. ಬೆರಳಚ್ಚು ಕೊಡುವ ಕೆಲಸ ಇದ್ದಾಗ ತೆರೆದು ಮತ್ತೆ ಲಾಕ್ ಮಾಡಬಹುದು.

ಮೊದಲು ನಮ್ಮ ಪೆಟ್ಟಿಗೆಗೆ ಬೀಗ

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಸಂಘ ಸಂಸ್ಥೆಗಳ ಒಳಗೆ ನೋಡಿಕೊಳ್ಳಬೇಕು. ಸಮಾಜಕಾರ್ಯ ಓದಿದವರೆಲ್ಲ ಫೆಲಿಕ್ಸ್ ಬೀಸ್ಟೆಕ್ ಎಂಬ ಅಮೆರಿಕದ ಜೆಸ್ವಿತ್ ಗುರುಗಳ ಹೆಸರು ಕೇಳಿರುತ್ತಾರೆ. ಕಷ್ಟದಲ್ಲಿರುವವರೊಂದಿಗೆ ಕೆಲಸ ಮಾಡುವವರಿಗೆ ಅವರು 1957ರಲ್ಲಿ ಏಳು ತತ್ವಗಳನ್ನು ಬರೆದರು. ಅವುಗಳಲ್ಲಿ ಗೌಪ್ಯತೆಯೂ ಒಂದು. ಜನ ನಮ್ಮ ಮುಂದೆ ತಮ್ಮ ಪೆಟ್ಟಿಗೆ ತೆರೆಯುವುದು ನಾವು ಅದನ್ನು ಮುಚ್ಚಿಡುತ್ತೇವೆ ಎಂಬ ನಂಬಿಕೆಯಿಂದ. ಆಗ ಕಾಗದದ ಫೈಲು, ಗೋದ್ರೆಜ್ ಕಪಾಟು ಇತ್ತು, ಬೀಗದ ಕೈ ಒಬ್ಬರ ಬಳಿ ಇರುತ್ತಿತ್ತು. ಈಗ ಅದೇ ಫೈಲು ಹತ್ತು ಜನರ ಮೊಬೈಲಿನಲ್ಲಿದೆ.

ಆದುದರಿಂದ ಪ್ರತಿ ಸಂಘವೂ ಒಂದು ದಿನ ಕುಳಿತು ಇವನ್ನು ನೋಡಲಿ. ಸಾಲ ಬಾಕಿ ಇರುವ ಸದಸ್ಯೆಯರ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇವೆಯೇ? ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳ ಆಧಾರ್ ಪ್ರತಿಗಳು ಯಾರ ಮೊಬೈಲಿನಲ್ಲಿವೆ? ವೈದ್ಯಕೀಯ ನೆರವು ಕೇಳಿ ಹಾಕುವ ಸಂದೇಶದಲ್ಲಿ ರೋಗಿಯ ಇಡೀ ವರದಿ ಬೇಕೇ? ನೆರವು ಕೊಡುವ ಫೋಟೋ ಹಾಕುವಾಗ ಪಡೆಯುವವರ ಒಪ್ಪಿಗೆ ಕೇಳಿದ್ದೇವೆಯೇ? ಕೆಲಸ ಮುಗಿದ ಮೇಲೆ ಹಳೆಯ ಪಟ್ಟಿಗಳನ್ನು ಅಳಿಸುತ್ತೇವೆಯೇ? ಒಬ್ಬರಿಗೆ ಎಚ್‌ಐವಿ ಇದೆಯೆಂಬುದನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಎಚ್‌ಐವಿ ಕಾಯ್ದೆಯೇ ತಡೆಯುತ್ತದೆ. ಉಳಿದ ಕಾಯಿಲೆಗಳ ವಿಷಯದಲ್ಲಿ ಕಾನೂನು ಹೇಳುವವರೆಗೆ ನಾವು ಕಾಯಬೇಕೆಂದಿಲ್ಲ.

ಮಕ್ಕಳಿಗೂ ಇದನ್ನು ಮನೆಯಲ್ಲೇ ಕಲಿಸಬೇಕು. ಇನ್ನೊಬ್ಬರ ಪತ್ರ ಓದಬಾರದು, ಡೈರಿ ತೆರೆಯಬಾರದು ಎಂದು ನಮ್ಮ ಹಿರಿಯರು ನಮಗೆ ಹೇಳಿಕೊಟ್ಟರು. ಪತ್ರ ಹೋಗಿ ಲಿಂಕ್ ಬಂದಿದೆ, ಪಾಠ ಹಳೆಯದೇ. ಬರುವ ತಿಂಗಳ ಸಂಘದ ಸಭೆಯಲ್ಲಿ ಈ ಲೇಖನವನ್ನು ಓದಿ ಚರ್ಚಿಸಿ. ಸಭೆ ಮುಗಿಯುವ ಮೊದಲು ಪ್ರತಿಯೊಬ್ಬರೂ ತಮ್ಮ ಮೊಬೈಲ್ ತೆಗೆದು, ಅದರಲ್ಲಿ ಉಳಿದಿರುವ ಇನ್ನೊಬ್ಬರ ಒಂದು ಆಧಾರ್ ಕಾರ್ಡನ್ನೋ, ಪಾಸ್ ಪುಸ್ತಕದ ಫೋಟೋವನ್ನೋ, ಆಸ್ಪತ್ರೆಯ ಚೀಟಿಯನ್ನೋ ಹುಡುಕಿ, ಕೆಲಸ ಮುಗಿದಿದ್ದರೆ ಅಳಿಸಿಬಿಡಿ. ಇಪ್ಪತ್ತು ಜನರ ಸಂಘದಲ್ಲಿ ಒಂದೇ ಸಂಜೆ ಇಪ್ಪತ್ತು ಬಾಗಿಲುಗಳು ಮುಚ್ಚಿದ ಹಾಗಾಗುತ್ತದೆ.